ಮೂರು ಊರು, ಮೂರು ಶ್ರುತಿ: ಮೃದಂಗದವರ ವಾರಾಂತ್ಯಕ್ಕೊಂದು ಮಾರ್ಗದರ್ಶಿ

ಯುಗಾದಿ ಕಳೆದು ರಾಮನವಮಿ ಹತ್ತಿರ ಬಂತು ಅಂದರೆ ಪಕ್ಕವಾದ್ಯದವರ ಫೋನಿಗೆ ಬಿಡುವಿಲ್ಲ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ, 1939ರಲ್ಲಿ ಶುರುವಾದ ಶ್ರೀ ರಾಮಸೇವಾ ಮಂಡಳಿಯ ಉತ್ಸವ ಸುಮಾರು ಒಂದು ತಿಂಗಳು ನಡೆಯುತ್ತದೆ. ಅದರ ಜೊತೆಗೆ ಬಡಾವಣೆ ಬಡಾವಣೆಯ ರಾಮಮಂದಿರಗಳು, ಮೈಸೂರು, ತುಮಕೂರು, ಹಾಸನ, ಶಿವಮೊಗ್ಗದ ಸಭೆಗಳು. ಹೆಸರು ಮಾಡಿದ ವಿದ್ವಾಂಸರಿಗೆ ಈ ಓಡಾಟ ರೂಢಿಯಾಗಿರುತ್ತದೆ. ಈಗಷ್ಟೇ ಕಛೇರಿಗಳು ಸಿಗಲು ಶುರುವಾದ, ವಾರದ ದಿನ ಆಫೀಸಿಗೋ ಪಾಠ ಹೇಳಲಿಕ್ಕೋ ಹೋಗುವ ಹುಡುಗ ಹುಡುಗಿಯರಿಗೆ ಶುಕ್ರವಾರ, ಶನಿವಾರ, ಭಾನುವಾರ ಸಾಲಾಗಿ ಮೂರು ಕಛೇರಿ ಬಂದಾಗ ಎಲ್ಲಿಂದ ತಯಾರಿ ಶುರು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ. ಈ ಬರಹ ಅವರಿಗಾಗಿ.

ಲೆಕ್ಕಕ್ಕೆ ಒಂದು ವಾರಾಂತ್ಯವನ್ನು ಇಟ್ಟುಕೊಳ್ಳೋಣ. ಶುಕ್ರವಾರ ಸಂಜೆ ಬೆಂಗಳೂರಿನ ಚಪ್ಪರದಲ್ಲಿ ಗಂಡಸರ ಹಾಡುಗಾರಿಕೆ. ಶನಿವಾರ ಸಂಜೆ ಮೈಸೂರಿನಲ್ಲಿ ಹೆಂಗಸರ ಹಾಡುಗಾರಿಕೆ. ಭಾನುವಾರ ಸಂಜೆ ಹಾಸನದಲ್ಲಿ ವೀಣೆ. ಸೋಮವಾರ ಬೆಳಿಗ್ಗೆ ಮತ್ತೆ ಕೆಲಸ.

ಹಾಸನದ ಕೇಳುಗರಿಗೆ ನೀವು ಶುಕ್ರವಾರ ಎಷ್ಟು ಚೆನ್ನಾಗಿ ನುಡಿಸಿದಿರಿ ಅನ್ನುವುದು ಬೇಕಾಗಿಲ್ಲ. ಅವರ ಮುಂದೆ ಕೂತಾಗ ನಿಮ್ಮ ಕೈ, ಕಿವಿ, ವಾದ್ಯ ಮೂರೂ ಸರಿಯಾಗಿರಬೇಕು. ಮೂರನೇ ಊರಿನವರಿಗೂ ಮೊದಲ ಊರಿನ ಕೈಯೇ ಸಿಗಬೇಕು. ಮುಂದೆ ಹೇಳುವ ಎಲ್ಲ ಕೆಲಸವೂ ಅದಕ್ಕಾಗಿ.

ಒಪ್ಪಿಕೊಳ್ಳುವ ಮುಂಚೆ

ಫೋನ್ ಬಂದ ಕೂಡಲೇ ಸಂತೋಷಕ್ಕೆ "ಆಗಲಿ ಸಾರ್" ಅಂದುಬಿಡಬೇಡಿ. ಮೊದಲು ದಾರಿ ನೋಡಿ. ಬೆಂಗಳೂರಿಂದ ಮೈಸೂರು ಸುಮಾರು 145 ಕಿಲೋಮೀಟರ್. ಮೈಸೂರಿಂದ ಹಾಸನ 120ರ ಆಸುಪಾಸು. ಹಾಸನದಿಂದ ಬೆಂಗಳೂರು ಸುಮಾರು 185. ಇದು ಒಂದು ಸುತ್ತು, ಆದ್ದರಿಂದ ಆಗುವ ಮಾತು. ಅದೇ ಶನಿವಾರ ಮೈಸೂರು, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶಿವಮೊಗ್ಗ ಅಂದರೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕಳೆದು, ನಿದ್ದೆಗೆಟ್ಟ ಕಣ್ಣಲ್ಲಿ ವೇದಿಕೆ ಹತ್ತಬೇಕು. ಅಂಥದ್ದನ್ನು ಬಿಟ್ಟುಬಿಡಿ. ನಿಮ್ಮ ಜೊತೆಗಾರರೊಬ್ಬರ ಹೆಸರು ಹೇಳಿ, ಅವರ ನಂಬರು ಕೊಡಿ. ಒಲ್ಲೆ ಅಂದಿದ್ದಕ್ಕೆ ಯಾರೂ ಮತ್ತೆ ಕರೆಯದೆ ಬಿಡುವುದಿಲ್ಲ. ಸುಸ್ತಾಗಿ ಬಂದು ತಾಳಕ್ಕೆ ಮಾತ್ರ ನುಡಿಸಿ ಹೋದವರನ್ನು ಮತ್ತೆ ಕರೆಯುವುದು ಅನುಮಾನ.

ಸಂಭಾವನೆ ಎಷ್ಟು, ಪ್ರಯಾಣದ ಖರ್ಚು ಅದರಲ್ಲೇ ಸೇರಿದೆಯೋ ಬೇರೆಯೋ, ಉಳಿದುಕೊಳ್ಳಲು ರೂಮಿದೆಯೋ ಇಲ್ಲವೋ, ಈ ಮೂರನ್ನೂ ಅದೇ ಫೋನಿನಲ್ಲಿ ಕೇಳಿ. ದೇವಸ್ಥಾನದ ಕಾರ್ಯಕ್ರಮ, ದುಡ್ಡಿನ ಮಾತು ಹೇಗೆ ಎತ್ತುವುದು ಅಂತ ಸಂಕೋಚ ಪಡುವವರು ತುಂಬಾ ಜನ. ಸಂಕೋಚ ಬೇಡ. "ಮೈಸೂರಿಗೆ ಬಂದು ಹೋಗುವ ಖರ್ಚು ಬೇರೆ ಕೊಡ್ತೀರಲ್ವಾ ಸಾರ್?" ಅಂತ ಗೌರವದಿಂದ ಕೇಳಿದರೆ ಸಭೆಯವರೂ ನೇರವಾಗಿ ಉತ್ತರ ಕೊಡುತ್ತಾರೆ. ಮಾತಾದ ಮೇಲೆ ತಾರೀಕು, ಸಮಯ, ಜಾಗ, ಸಂಭಾವನೆ ಬರೆದು ವಾಟ್ಸಾಪಿನಲ್ಲಿ ಒಂದು ಮೆಸೇಜು ಹಾಕಿಬಿಡಿ. ತಿಂಗಳು ಕಳೆದ ಮೇಲೆ ಇಬ್ಬರಿಗೂ ಅದೇ ನೆನಪು.

ಬುಧವಾರ: ಶ್ರುತಿ ಕೇಳಿ

ಇದನ್ನು ಮಾತ್ರ ಮರೆಯಲೇಬೇಡಿ. ಹಾಡುವವರು ನಿಮಗೆ ಎಷ್ಟೇ ಪರಿಚಯವಿದ್ದರೂ ಫೋನ್ ಮಾಡಿ ಶ್ರುತಿ ಕೇಳಿ. ನಮ್ಮಲ್ಲಿ ಶ್ರುತಿಯನ್ನು, ಅಂದರೆ ಹಾಡಿನ ಆಧಾರ ಸ್ವರವನ್ನು, ಹಾರ್ಮೋನಿಯಂ ಮನೆಗಳ (ಕೀಲಿಗಳ) ಲೆಕ್ಕದಲ್ಲೇ ಹೇಳುವುದು. ಗಂಡಸರು ಸಾಮಾನ್ಯವಾಗಿ ಒಂದು, ಒಂದೂವರೆ, ಎರಡು ಮನೆ. ಹೆಂಗಸರು ಐದು, ಐದೂವರೆ. ವೀಣೆ ಹೆಚ್ಚಾಗಿ ಎರಡರಿಂದ ಮೂರರೊಳಗೆ. ಆದರೆ ಈ "ಸಾಮಾನ್ಯವಾಗಿ" ನಂಬಿಕೊಂಡು ಮನೆ ಬಿಡಬಾರದು.

"ನಮಸ್ಕಾರ ಅಕ್ಕ, ಶನಿವಾರ ಮೈಸೂರು ಕಛೇರಿಗೆ ಐದೂವರೆನೇ ಅಲ್ವಾ?"

"ಇಲ್ಲಪ್ಪ, ಎರಡು ವಾರದಿಂದ ಗಂಟಲು ಕಟ್ಟಿದೆ. ಐದಕ್ಕೇ ಹಾಡ್ತೀನಿ. ಸೀಸನ್ ಮುಗಿಯೋವರೆಗೂ ಐದೇ."

ಈ ಮಾತು ಬುಧವಾರ ಗೊತ್ತಾದರೆ ಒಂದು ಸಣ್ಣ ಕೆಲಸ. ಶನಿವಾರ ವೇದಿಕೆಯ ಮೇಲೆ, ಹಾಡುವವರು ತಂಬೂರಿ ಹಿಡಿದು ಕಾಯುತ್ತಿರುವಾಗ ಗೊತ್ತಾದರೆ ದೊಡ್ಡ ಕಷ್ಟ. ಒಂದು ಮೃದಂಗ ಆರಾಮವಾಗಿ ಏರಿ ಇಳಿಯುವುದು ಹೆಚ್ಚೆಂದರೆ ಒಂದು ಮನೆಯಷ್ಟು. ಅದಕ್ಕಿಂತ ಜಾಸ್ತಿ ಎಳೆದರೆ ತೊಗಲಿಗೆ ಪೆಟ್ಟು. ಜಾಸ್ತಿ ಸಡಿಲ ಬಿಟ್ಟರೆ ನಾದ ಸತ್ತಂತೆ ಇರುತ್ತದೆ. ಅದಕ್ಕೇ ಎಲ್ಲರ ಹತ್ತಿರವೂ ತಗ್ಗು ಶ್ರುತಿಯದೊಂದು, ಹೆಚ್ಚು ಶ್ರುತಿಯದೊಂದು ಮೃದಂಗ ಇರುವುದು. ತಗ್ಗು ಶ್ರುತಿಯದು ಉದ್ದ, ಸುಮಾರು 24 ಇಂಚು. ಹೆಚ್ಚು ಶ್ರುತಿಯದು ಗಿಡ್ಡ, 22 ಇಂಚಿನ ಸುತ್ತಮುತ್ತ.

ನಮ್ಮ ವಾರಾಂತ್ಯಕ್ಕೆ ಶುಕ್ರವಾರ ಒಂದೂವರೆ, ಶನಿವಾರ ಐದು, ಭಾನುವಾರ ವೀಣೆಯವರು ಎರಡೂವರೆ ಅಂದರು ಅಂತಿಟ್ಟುಕೊಳ್ಳಿ. ಈಗ ಚಿತ್ರ ಸ್ಪಷ್ಟ. ತಗ್ಗು ಮೃದಂಗ ಶುಕ್ರವಾರ ಒಂದೂವರೆಯಲ್ಲಿ ಇರಬೇಕು, ಭಾನುವಾರದ ಹೊತ್ತಿಗೆ ಪೂರ್ತಿ ಒಂದು ಮನೆ ಏರಬೇಕು. ಈ ಏರಿಕೆಯನ್ನು ಯಾವಾಗ ಮಾಡಬೇಕು ಅನ್ನುವುದನ್ನು ಭಾನುವಾರದ ಭಾಗದಲ್ಲಿ ಹೇಳುತ್ತೇನೆ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಅದನ್ನೇ ಇಟ್ಟುಕೊಳ್ಳಿ.

ಅದೇ ಫೋನಿನಲ್ಲಿ ಇನ್ನೆರಡು ಮಾತು ಕೇಳಿ. ರಾಗ ತಾನ ಪಲ್ಲವಿ (ಒಂದೇ ರಾಗವನ್ನು ವಿಸ್ತಾರವಾಗಿ ಹಾಡುವ ದೊಡ್ಡ ಭಾಗ) ಇದೆಯಾ? ಇದ್ದರೆ ಯಾವ ತಾಳ, ಎಡುಪು ಎಲ್ಲಿ, ಅಂದರೆ ತಾಳದ ಯಾವ ಜಾಗದಲ್ಲಿ ಸಾಲು ಶುರುವಾಗುತ್ತದೆ? ತನಿ ಆವರ್ತನಕ್ಕೆ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗಕ್ಕೆ, ಎಷ್ಟು ಹೊತ್ತು ಸಿಗಬಹುದು? ಕೆಲವರು "ಅಲ್ಲೇ ನೋಡೋಣ" ಅನ್ನುತ್ತಾರೆ. ಅವರನ್ನು ಒತ್ತಾಯ ಮಾಡಬೇಡಿ, ಅದು ಅವರ ಹಾಡುವ ರೀತಿ. ಹೇಳುವವರು ಖುಷಿಯಿಂದ ಹೇಳುತ್ತಾರೆ.

ಜೊತೆಗೆ ಘಟವೋ ಖಂಜಿರವೋ ಇದ್ದರೆ ಅವರಿಗೂ ಶ್ರುತಿ ತಿಳಿಸಿ. ಇದು ನಿಮ್ಮ ಜವಾಬ್ದಾರಿ ಅಲ್ಲದಿರಬಹುದು, ಆದರೂ ತಿಳಿಸಿ. ಘಟದವರ ಕಷ್ಟ ನಮ್ಮದಕ್ಕಿಂತ ದೊಡ್ಡದು. ಸುಟ್ಟ ಮಣ್ಣಿಗೆ ಕಲ್ಲು ಬಡಿದು ಶ್ರುತಿ ಏರಿಸಲು ಆಗುವುದಿಲ್ಲ. ಮನೆಯಿಂದ ಹೊರಡುವಾಗಲೇ ಸರಿಯಾದ ಶ್ರುತಿಯ ಘಟ ಆರಿಸಿಕೊಂಡು ಬರಬೇಕು.

ಗುರುವಾರ: ವಾದ್ಯ ನೋಡಿ

ಎರಡೂ ಮೃದಂಗವನ್ನು ಹೊರಗೆ ತೆಗೆದು, ಫ್ಯಾನು ಆರಿಸಿ, ಶ್ರುತಿಪೆಟ್ಟಿಗೆಯೋ ಮೊಬೈಲಿನ ತಂಬೂರಿ ಆ್ಯಪೋ ಹಾಕಿಕೊಂಡು ಕೂತುಕೊಳ್ಳಿ. ಅವಸರ ಮಾಡಬೇಡಿ, ಒಂದು ಗಂಟೆಯಾದರೂ ಇದಕ್ಕೆ ಕೊಡಿ.

ಮೊದಲು ಬಲಮುಚ್ಚಿಗೆ, ಅಂದರೆ ಬಲಗಡೆಯ ತೊಗಲು. ಸುತ್ತಲೂ ಒಂದೊಂದೇ ಕಡೆ ಮೀಟು (ಅಂಚಿನ ಪೆಟ್ಟು) ನುಡಿಸಿ ಕೇಳಿ. ಅಂಚಿನಲ್ಲಿ ವಾರು ಹಾಯುವ ಹದಿನಾರು ಕಣ್ಣಿನ ಹತ್ತಿರವೂ ಒಂದೇ ಶ್ರುತಿ ಬರಬೇಕು. ಒಂದು ಕಡೆ ಇಳಿದಿದ್ದರೆ ಅಲ್ಲಿ ಅಂಚಿನ ಮೇಲೆ ಮರದ ತುಂಡಿಟ್ಟು ಕಲ್ಲಿನಿಂದ ಕೆಳಕ್ಕೆ ಬಡಿಯಿರಿ. ಏರಿದ್ದರೆ ಕೆಳಗಿಂದ ಮೇಲಕ್ಕೆ. ಒಂದೇ ಕಡೆ ಜೋರಾಗಿ ಬಡಿಯಬೇಡಿ. ಒಂದು ಪೆಟ್ಟು ಇಲ್ಲಿ, ಒಂದು ಪೆಟ್ಟು ಎದುರಿನ ಕಣ್ಣಿಗೆ, ಹೀಗೆ ಸುತ್ತು ಹಾಕುತ್ತಾ ಹೋಗಿ. ನಟ್ಟು ಬೋಲ್ಟಿನ ಮೃದಂಗವಾದರೆ ಸ್ಪ್ಯಾನರಿನ ಕೆಲಸ, ಬೇಗ ಆಗುತ್ತದೆ. ಆದರೆ ಅಲ್ಲೂ ಇದೇ ಕ್ರಮ. ಪ್ರಯಾಣ ಜಾಸ್ತಿ ಇರುವವರಿಗೆ ಬೋಲ್ಟಿನ ಮೃದಂಗ ನಿಜಕ್ಕೂ ಉಪಕಾರಿ. ವಾರಿನ ಮೃದಂಗದ ನಾದವೇ ನಾದ ಅನ್ನುವ ಹಿರಿಯರ ಮಾತನ್ನು ನಾನೂ ಒಪ್ಪುತ್ತೇನೆ, ಆದರೂ ಮೂರು ದಿನಕ್ಕೆ ಮೂರು ಶ್ರುತಿ ಇರುವಾಗ ಬೋಲ್ಟಿನದನ್ನೇ ತೆಗೆದುಕೊಂಡು ಹೋಗಿ ಅಂತ ಹೇಳುತ್ತೇನೆ.

ಆಮೇಲೆ ಕರಣೆ ನೋಡಿ. ಕಿಟ್ಟದ ಪುಡಿಯನ್ನು ಅನ್ನದ ಜೊತೆ ಅರೆದು, ಪದರದ ಮೇಲೆ ಪದರ ಹಾಕಿ, ಕಲ್ಲಿನಿಂದ ತೀಡಿ ಮಾಡಿದ ಕಪ್ಪು ವೃತ್ತ ಅದು. ಚಾಪು ಅನ್ನುವ ಪೆಟ್ಟು ನುಡಿಸಿದಾಗ ನಾದದ ಹಿಂದೆ ಕರಕರ ಅನ್ನುವ ಸದ್ದು ಬಂದರೆ ಕರಣೆ ಏಳಲು ಶುರುವಾಗಿದೆ ಅಂತ ಅರ್ಥ. ಬೆರಳಿನಿಂದ ಮೆಲ್ಲಗೆ ಸವರಿದರೆ ಪುಡಿ ಅಂಟುತ್ತದೆಯೇ ನೋಡಿ. ಒಂದು ವಾರಾಂತ್ಯ ತಡೆಯುತ್ತದೋ ಇಲ್ಲವೋ ಅನ್ನುವ ಅನುಮಾನ ಬಂದರೆ ಅವತ್ತೇ ಮೃದಂಗ ರಿಪೇರಿ ಮಾಡುವವರ ಹತ್ತಿರ ಹೋಗಿ. ಸೀಸನ್ನಿನಲ್ಲಿ ಅವರಿಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ, ಆದ್ದರಿಂದ ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ. ಇನ್ನೊಂದು ಮಾತು. ಕಛೇರಿಗೆ ಎರಡು ದಿನ ಇರುವಾಗ ಹೊಸ ಮುಚ್ಚಿಗೆ ಹಾಕಿಸಬೇಡಿ. ಹೊಸ ತೊಗಲು ಎಳೆದುಕೊಂಡು ನಿಲ್ಲಲು ಕೆಲವು ದಿನದ ಸಾಧಕ, ಅಂದರೆ ಅಭ್ಯಾಸ, ಬೇಕು. ಅಲ್ಲಿಯವರೆಗೆ ಅದು ಹಾಡು ಹಾಡಿಗೂ ಇಳಿಯುತ್ತಲೇ ಇರುತ್ತದೆ. ಹೊಸತಕ್ಕಿಂತ ಪಳಗಿದ ಹಳೆಯದೇ ವಾಸಿ.

ಚೀಲ ಕಟ್ಟುವಾಗ

ಕಲ್ಲು, ಮರದ ತುಂಡು, ಸ್ಪ್ಯಾನರು, ಮೀಟಿಗೆ ಸಿಕ್ಕಿಸುವ ಕುಚ್ಚಿ ಕಡ್ಡಿಗಳು, ಡಬ್ಬಿಯಲ್ಲಿ ಎಡಮುಚ್ಚಿಗೆಗೆ ಹಚ್ಚುವ ರವೆ, ಸಣ್ಣ ನೀರಿನ ಬಾಟಲಿ, ಎರಡು ಹಳೇ ಹತ್ತಿ ಬಟ್ಟೆ, ಉಗುರು ಕತ್ತರಿ, ಪೌಡರು, ಬೆರಳಿಗೆ ಸುತ್ತುವ ಟೇಪು, ಮೊಬೈಲ್ ಚಾರ್ಜರು. ರವೆಯನ್ನು ಮನೆಯಿಂದಲೇ ತೆಗೆದುಕೊಂಡು ಹೋಗಿ. "ಅಲ್ಲಿ ಅಡುಗೆಯವರ ಹತ್ತಿರ ಸಿಗುತ್ತೆ" ಅಂತ ಹೋದರೆ ಒಂದು ಕಡೆ ದಪ್ಪ ರವೆ, ಇನ್ನೊಂದು ಕಡೆ ಚಿರೋಟಿ ರವೆ ಸಿಗುತ್ತದೆ. ಎಡಗಡೆಯ ನಾದ ದಿನಕ್ಕೊಂದು ಥರ ಆಗುತ್ತದೆ. ರವೆಯ ಬದಲು ಅಂಟಿನಂಥದ್ದನ್ನು ಹಚ್ಚುವವರೂ ಈಗ ಇದ್ದಾರೆ. ಒಗ್ಗಿದ್ದರೆ ಅದೂ ಸರಿಯೇ.

ಬಟ್ಟೆ ವಿಷಯ ಬೇಗ ಮುಗಿಯುತ್ತದೆ. ಮೂರು ದಿನಕ್ಕೆ ಮೂರು ಜೊತೆ. ಏಪ್ರಿಲ್ ಸೆಕೆಗೆ ಹತ್ತಿಯದೇ ಇರಲಿ.

ಎರಡು ಮೃದಂಗ ಅಂದರೆ 15ರಿಂದ 20 ಕಿಲೋ ಭಾರ. ಅದನ್ನು ಬೆರಳಲ್ಲಿ ನೇತುಹಾಕಿಕೊಂಡು ಬಸ್‌ಸ್ಟ್ಯಾಂಡಿನ ಮೆಟ್ಟಿಲು ಹತ್ತಬೇಡಿ. ಸಂಜೆ ಅದೇ ಬೆರಳಿನಿಂದ ವೇಗದ ಫರನ್ ನುಡಿಸಬೇಕು. ಹೆಗಲಿಗೆ ಹಾಕುವ ದಪ್ಪ ಪಟ್ಟಿಯ ಚೀಲ ಇರಲಿ, ಒಂದೊಂದು ಹೆಗಲಿಗೆ ಒಂದೊಂದು. ಕೂಲಿಯವರು ಸಿಕ್ಕರೆ ದುಡ್ಡು ಕೊಟ್ಟು ಹೊರಿಸಿ.

ಶುಕ್ರವಾರ: ಬೆಂಗಳೂರಿನ ಚಪ್ಪರ

ಊರಿನಲ್ಲೇ ಕಛೇರಿ ಅಂತ ಕೊನೇ ಗಳಿಗೆಯಲ್ಲಿ ಹೊರಡುವವರೇ ಜಾಸ್ತಿ. ಶುಕ್ರವಾರ ಸಂಜೆಯ ಟ್ರಾಫಿಕ್ಕು ನಿಮಗೆ ಗೊತ್ತಿರುವುದೇ. ಆಫೀಸಿನಿಂದ ಅರ್ಧ ದಿನ ರಜೆ ಹಾಕಿ. ಮೃದಂಗವನ್ನು ಬೆಳಿಗ್ಗೆಯೇ ಕಾರಿನಲ್ಲಿಟ್ಟು ಬಿಸಿಲಲ್ಲಿ ಪಾರ್ಕ್ ಮಾಡಬೇಡಿ. ಮುಚ್ಚಿದ ಕಾರಿನ ಶಾಖಕ್ಕೆ ತೊಗಲು ಬಿಗಿದು ಶ್ರುತಿ ಏರುತ್ತದೆ, ಕರಣೆ ಬಿರುಕು ಬಿಡುತ್ತದೆ, ಕೆಲವೊಮ್ಮೆ ಮುಚ್ಚಿಗೆಯೇ ಹರಿದುಹೋಗುತ್ತದೆ.

ಕಛೇರಿಗೆ ಒಂದು ಗಂಟೆ ಮುಂಚೆ ಅಲ್ಲಿರಿ. ಹೋದ ಕೂಡಲೇ ಚೀಲದಿಂದ ತೆಗೆದು ಮೃದಂಗವನ್ನು ವೇದಿಕೆಯ ಪಕ್ಕ ಇಡಿ, ಶ್ರುತಿ ಮಾತ್ರ ಆಗಲೇ ಮಾಡಬೇಡಿ. ತೊಗಲು ಆ ಜಾಗದ ಗಾಳಿಗೆ ಹೊಂದಿಕೊಳ್ಳಲಿ. ಅರ್ಧ ಗಂಟೆ ಬಿಟ್ಟು ನೋಡಿ. ಚಪ್ಪರದಲ್ಲಿ ಬಿಸಿಲು ಇಳಿಯುವ ಹೊತ್ತಿಗೆ ಒಂದು ಥರ, ದೀಪಗಳ ಶಾಖ ಬಿದ್ದಾಗ ಇನ್ನೊಂದು ಥರ. ಈ ತಿಂಗಳಲ್ಲಿ ಸಂಜೆ ಗುಡುಗಿ ಒಂದು ಮಳೆ ಬಂದರೆ ಗಾಳಿಯೆಲ್ಲ ತೇವವಾಗಿ ಶ್ರುತಿ ಇಳಿದುಬಿಡುತ್ತದೆ. ಒಣಹವೆಗೆ ಏರುತ್ತದೆ, ತೇವಕ್ಕೆ ಇಳಿಯುತ್ತದೆ. ಇದಿಷ್ಟು ತಲೆಯಲ್ಲಿದ್ದರೆ ಮೋಡ ನೋಡಿಯೇ ಕಲ್ಲು ಹತ್ತಿರ ಇಟ್ಟುಕೊಳ್ಳುತ್ತೀರಿ.

ರವೆ ಕಲಸುವುದು ವೇದಿಕೆ ಹತ್ತುವ ಸ್ವಲ್ಪ ಮುಂಚೆ. ಅಂಗೈಯಲ್ಲಿ ಒಂದು ನಿಂಬೆಹಣ್ಣಿನಷ್ಟು ರವೆ, ಕೆಲವೇ ಹನಿ ನೀರು. ಚೆನ್ನಾಗಿ ನಾದಿ. ಬೆರಳಿಗೆ ಅಂಟಬಾರದು, ಒಡೆಯಲೂಬಾರದು. ಎಡಮುಚ್ಚಿಗೆಯ ನಡುವೆ ತೆಳ್ಳಗೆ ಹರಡಿ, ಒಂದೆರಡು ತೊಪ್ಪಿ ಪೆಟ್ಟು ಹಾಕಿ ಕೇಳಿ. ಸಾಲದಿದ್ದರೆ ಇನ್ನೊಂದು ಚಿಟಿಕೆ. ನೀರು ಜಾಸ್ತಿಯಾದರೆ ಕಛೇರಿಯ ನಡುವೆ ಜಾರುತ್ತದೆ, ಕಡಿಮೆಯಾದರೆ ಎರಡನೇ ಕೀರ್ತನೆಗೇ ಒಣಗಿ ಉದುರುತ್ತದೆ.

ಈಗ ಮೈಕಿನ ಮಾತು. ಮೈಕಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೇ ಸಾಲಿಗೂ ಕೇಳಲಿ ಅಂತ ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡರು. ಮೃದಂಗ ವಿದ್ವಾಂಸ ಪಾಲ್ಘಾಟ್ ಮಣಿ ಅಯ್ಯರ್ ಮೈಕ್ ಬಂದ ಮೇಲೂ ಅದು ಬೇಡ ಅನ್ನುತ್ತಿದ್ದರು. ಮೃದಂಗದ ನಿಜವಾದ ನಾದ ಕೇಳಬೇಕು ಅನ್ನುವುದು ಅವರ ಆಸೆ. ನಮಗೆ ಆ ಆಯ್ಕೆ ಇಲ್ಲ. ರಸ್ತೆ ಪಕ್ಕದ ಚಪ್ಪರದಲ್ಲಿ ಮೈಕಿಲ್ಲದೆ ಆಗದು. ಆದ್ದರಿಂದ ಸೌಂಡಿನವರನ್ನು ಮೊದಲೇ ಹೋಗಿ ಮಾತಾಡಿಸಿ. ಹೆಸರು ಕೇಳಿ, "ಅಣ್ಣ" ಅಂತ ಕರೆಯಿರಿ. ಹೇಳಬೇಕಾದ್ದು ಮೂರೇ ಮಾತು: ಎಡಗಡೆಯ ಬಾಸ್ ಕಮ್ಮಿ ಇರಲಿ, ಮುಂದಿನ ಮಾನಿಟರಿನಲ್ಲಿ ನನಗೆ ಹಾಡುಗಾರರ ದನಿ ಮತ್ತು ತಂಬೂರಿ ಬೇಕು, ನನ್ನ ಮೃದಂಗ ಅದರಲ್ಲಿ ಸ್ವಲ್ಪವೇ ಸಾಕು. ತುಂಬಾ ಹುಡುಗರು ಮಾನಿಟರಿನಲ್ಲಿ ತಮ್ಮ ವಾದ್ಯವನ್ನೇ ಜಾಸ್ತಿ ಮಾಡಿಸಿಕೊಳ್ಳುತ್ತಾರೆ. ಆಮೇಲೆ ಸಾಹಿತ್ಯ ಕೇಳಿಸದೆ, ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು) ಎಲ್ಲಿ ಮುಗಿಯಿತು ಅಂತ ತಿಳಿಯದೆ ಕಣ್ಣು ಕಣ್ಣು ಬಿಡಬೇಕಾಗುತ್ತದೆ. ಪಕ್ಕವಾದ್ಯದವರ ಕಿವಿ ಯಾವಾಗಲೂ ಹಾಡಿನ ಮೇಲಿರಬೇಕು.

ಕಛೇರಿ ಮುಗಿದ ಕೂಡಲೇ ರವೆ ಕೆರೆದು ತೆಗೆಯಿರಿ. ಪಾನಕ, ಕೋಸಂಬರಿ ಎಲ್ಲ ಆಮೇಲೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೆ ಒರೆಸಿ, ಗಾಳಿಗೆ ಸ್ವಲ್ಪ ಆರಲು ಬಿಟ್ಟು ಚೀಲಕ್ಕೆ ಹಾಕಿ. ಹಾಗೇ ಬಿಟ್ಟ ರವೆ ರಾತ್ರಿಯೆಲ್ಲ ತೊಗಲನ್ನು ನೆನೆಸುತ್ತದೆ, ಇಲಿ ಇರುವೆಗಳನ್ನೂ ಕರೆಯುತ್ತದೆ. ತಗ್ಗು ಮೃದಂಗವನ್ನು ಭಾನುವಾರಕ್ಕೂ ನುಡಿಸಬೇಕಲ್ವಾ, ಇವತ್ತೇ ಕಾಪಾಡಿಕೊಳ್ಳಿ.

ಮನೆಗೆ ಹೋಗಿ ಹನ್ನೊಂದೂವರೆಗಾದರೂ ಮಲಗಿ. ಕಛೇರಿಯ ರೆಕಾರ್ಡಿಂಗ್ ಕೇಳುವ ಆಸೆ ಬರುತ್ತದೆ, ಸೋಮವಾರಕ್ಕೆ ಇಟ್ಟುಕೊಳ್ಳಿ.

ಶನಿವಾರ: ಮೈಸೂರು

ರೈಲಿನಲ್ಲಿ ಹೋದರೆ ಒಳ್ಳೆಯದು, ಟಿಕೆಟು ಮೊದಲೇ ಮಾಡಿಸಿ. ಅಲುಗಾಟ ಕಮ್ಮಿ, ಮೃದಂಗ ಕಣ್ಣೆದುರೇ ಇರುತ್ತದೆ. ಬಸ್ಸಾದರೆ ಕೆಳಗಿನ ಡಿಕ್ಕಿಗೆ ಹಾಕಲು ಬಿಡಬೇಡಿ. ಅಲ್ಲಿ ಶಾಖ, ಧೂಳು, ಮೇಲೆ ಯಾರದೋ ಸೂಟ್‌ಕೇಸಿನ ಭಾರ. ಕಂಡಕ್ಟರ್ ಲಗೇಜು ಟಿಕೆಟ್ ಕೇಳಿದರೆ ವಾದ ಮಾಡದೆ ಕೊಟ್ಟು ಕಾಲ ಹತ್ತಿರ ಇಟ್ಟುಕೊಳ್ಳಿ. ಬಲಮುಚ್ಚಿಗೆಯ ಮೇಲೆ ಯಾವ ಭಾರವೂ ಬೀಳದಿರಲಿ. ಕಾರಿನಲ್ಲಿ ಎ.ಸಿ. ಗಾಳಿ ನೇರವಾಗಿ ಚೀಲಕ್ಕೆ ಬಡಿಯದಂತೆ ನೋಡಿ.

ದಾರಿಯಲ್ಲಿ ಕೈಗೆ ವಿಶ್ರಾಂತಿ, ತಲೆಗೆ ಕೆಲಸ. ತನಿಯ ಲೆಕ್ಕ ಮಾಡಲು ಪ್ರಯಾಣದಂಥ ಸಮಯ ಇನ್ನೊಂದಿಲ್ಲ. ಮೂರು ದಿನಕ್ಕೆ ಮೂರು ಹೊಸ ಕೋರ್ವೆ (ತನಿ ಮುಗಿಸುವ ಲೆಕ್ಕದ ಜೋಡಣೆ) ಕಟ್ಟಬೇಕಾಗಿಲ್ಲ, ಗೊತ್ತಿರುವುದನ್ನೇ ಬೇರೆ ತಾಳಕ್ಕೆ ಹೊಂದಿಸಿಕೊಂಡರೆ ಸಾಕು. ಒಂದು ಉದಾಹರಣೆ ಕೊಡುತ್ತೇನೆ. ಕೊನೆಗೆ "ತದಿಗಿಣತೊಂ" ಮೂರು ಸಲ ಬರಲಿ, ಐದರಂತೆ 15 ಅಕ್ಷರ. ಮಿಶ್ರಛಾಪು ತಾಳದ ಒಂದು ಆವರ್ತನವನ್ನು, ಅಂದರೆ ಒಂದು ಸುತ್ತನ್ನು, 14 ಅಂತ ಎಣಿಸಿದರೆ ಮೂರು ಆವರ್ತನಕ್ಕೆ 42. ಅದರಲ್ಲಿ 15 ಕಳೆದರೆ ಉಳಿಯುವುದು 27, ಅಂದರೆ ಒಂಬತ್ತರ ಜತಿ ಮೂರು ಸಲ. "ತಕದಿಮಿ ತಕತಕಿಟ" ಮೂರು ಸಲ ಹೇಳಿ, ತದಿಗಿಣತೊಂ ಮೂರು ಸಲ ಹೇಳಿದರೆ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಕೂರುತ್ತದೆ. ಅದೇ ಆದಿತಾಳದಲ್ಲಿ, ಎಂಟು ಎಣಿಕೆಗೂ ನಾಲ್ಕು ನಾಲ್ಕು ಅಕ್ಷರದಂತೆ, ಎರಡು ಆವರ್ತನ ಅಂದರೆ 64. ಅಲ್ಲಿ 15 ಕಳೆದರೆ 49 ಉಳಿಯುತ್ತದೆ, ಅದು ಮೂರರಿಂದ ಭಾಗವಾಗುವುದಿಲ್ಲ. ಆಗ ಹದಿನೈದರ ಜತಿ ಮೂರು ಸಲ ಇಟ್ಟು, ನಡುವೆ ಎರಡು ಕಡೆ ಎರಡೆರಡು ಅಕ್ಷರದ ಕಾರ್ವೆ, ಅಂದರೆ ಖಾಲಿ ಜಾಗ, ಬಿಡಿ. 45ಕ್ಕೆ 4 ಸೇರಿ 49 ಆಯಿತು. ತೊಡೆಯ ಮೇಲೆ ತಾಳ ಹಾಕಿಕೊಂಡು ಬಾಯಲ್ಲಿ ಹೇಳುತ್ತಾ ಹೋಗಿ. ರಾಮನಗರ ದಾಟುವಷ್ಟರಲ್ಲಿ ಎರಡೂ ಗಟ್ಟಿಯಾಗಿರುತ್ತದೆ. ಬಾಯಲ್ಲಿ ತಡವರಿಸಿದ್ದು ಕೈಯಲ್ಲೂ ತಡವರಿಸುತ್ತದೆ.

ಊಟದಲ್ಲಿ ಹುಷಾರು. ಮೈಸೂರಿನಲ್ಲಿ ಮಧ್ಯಾಹ್ನ ಇಳಿದರೆ ಸಭೆಯವರು ಪ್ರೀತಿಯಿಂದ ಎಲೆ ಹಾಕಿ ಹಬ್ಬದೂಟ ಬಡಿಸುತ್ತಾರೆ. ಒಂದು ಗಂಟೆಗೇ ಊಟ ಮುಗಿಸಿ, ಅದೂ ಹಿತವಾಗಿ. ಆಮೇಲೆ ಒಂದು ಗಂಟೆ ಮಲಗಿ. ಸಂಜೆ ಕಛೇರಿಗೆ ಮುಂಚೆ ಎರಡು ಇಡ್ಲಿ ಅಥವಾ ಬಾಳೆಹಣ್ಣು ಸಾಕು. ಎರಡೂವರೆ ಗಂಟೆ ಕಾಲು ಮಡಚಿ ಕೂರುವವರಿಗೆ ತುಂಬಿದ ಹೊಟ್ಟೆ ದೊಡ್ಡ ತೊಂದರೆ. ಮಜ್ಜಿಗೆ, ನೀರು ದಿನವಿಡೀ ಕುಡಿಯಿರಿ.

ಗಾಯಕ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರದಂಥ ಜಾಗದಲ್ಲಿ ನುಡಿಸುವ ಭಾಗ್ಯ ಸಿಕ್ಕಿದರೆ, ಬೆಂಗಳೂರಿನ ಚಪ್ಪರದ ಕೈ ಅಲ್ಲಿ ಬೇಡ. ಕೇಳುಗರು ಹತ್ತಿರವೇ ಕೂತಿರುತ್ತಾರೆ. ಅನೇಕರು ತೊಡೆಯ ಮೇಲೆ ತಾಳ ಹಾಕುತ್ತಿರುತ್ತಾರೆ. ಮೆಲ್ಲಗೆ ನುಡಿಸಿದ ಎಡಗೈಯ ಒಂದು ಗುಮ್ಕಿಯೂ ಅಲ್ಲಿ ಕೇಳುತ್ತದೆ. ಅದೂ ಹೆಂಗಸರ ಹಾಡುಗಾರಿಕೆಗೆ ಹೆಚ್ಚು ಶ್ರುತಿಯ ಮೃದಂಗ ನುಡಿಸುವಾಗ ನಾದ ಮೊನಚಾಗಿ ಬರುತ್ತದೆ, ದನಿಯನ್ನು ಮುಚ್ಚಿಹಾಕುತ್ತದೆ. ಅನುಪಲ್ಲವಿ ಮೇಲಕ್ಕೆ ಹೋದಾಗ ಕೈ ತುಂಬಿಸಿ, ಕೆಳಗಿನ ಸ್ಥಾಯಿಗೆ ಬಂದಾಗ ಬಹುತೇಕ ಕೈ ಬಿಟ್ಟುಬಿಡಿ. ವಿಳಂಬ ಕೃತಿಯಲ್ಲಿ ಸುಮ್ನೆ ತಾಳ ತೋರಿಸುತ್ತಾ ಕೂರುವ ಧೈರ್ಯವೂ ಬೇಕು. ಹಾಡುವವರು ತಿರುಗಿ ನೋಡಿ ನಕ್ಕರೆ ನಿಮ್ಮ ಕೆಲಸ ಆಯಿತು ಅಂತ ತಿಳಿದುಕೊಳ್ಳಿ.

ರಾತ್ರಿ ಮಲಗುವ ಮುಂಚೆ ಬೆರಳಿಗೆ, ಮಣಿಕಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ನೀವಿಕೊಳ್ಳಿ. ಕಛೇರಿಯ ದಿನ ಬೆಳಿಗ್ಗೆಯ ಮೇಲೆ ಎಣ್ಣೆ ಬೇಡ, ಬೆರಳು ಜಾರುತ್ತದೆ. ಬೆರಳ ತುದಿ ಒಡೆದಿದ್ದರೆ ಆ ರಾತ್ರಿಯೇ ತೊಳೆದು ಟೇಪು ಹಾಕಿ. ಮಣಿಕಟ್ಟಿನಲ್ಲಿ ಚುಚ್ಚುವ ನೋವು ಬಂದರೆ "ಸೀಸನ್ ಮುಗೀಲಿ" ಅಂತ ಮುಂದೂಡಬೇಡಿ, ಸೋಮವಾರವೇ ವೈದ್ಯರಿಗೆ ತೋರಿಸಿ. ಈ ಕೈ ಇನ್ನೂ ನಲವತ್ತು ವರ್ಷ ನುಡಿಸಬೇಕು.

ಭಾನುವಾರ: ಹಾಸನ

ಶನಿವಾರ ರಾತ್ರಿಯೇ, ಮೈಸೂರಿನಲ್ಲೇ, ತಗ್ಗು ಮೃದಂಗವನ್ನು ಚೀಲದಿಂದ ಹೊರಗೆ ತೆಗೆಯಿರಿ. ಅದು ಒಂದೂವರೆಯಲ್ಲಿ ಇದೆ, ನಾಳೆ ಸಂಜೆಗೆ ಎರಡೂವರೆಗೆ ಬರಬೇಕು. ಪೂರ್ತಿ ಒಂದು ಮನೆಯನ್ನು ವೇದಿಕೆಯ ಮೇಲೆ ಹತ್ತು ನಿಮಿಷದಲ್ಲಿ ಏರಿಸಿದರೆ ತೊಗಲು ಒಪ್ಪುವುದಿಲ್ಲ. ಬಡಿದಾಗ ಏರುತ್ತದೆ, ಎರಡು ಕೀರ್ತನೆ ಆಗುವಷ್ಟರಲ್ಲಿ ಮತ್ತೆ ಇಳಿಯುತ್ತದೆ. ಕಛೇರಿ ಪೂರ್ತಿ ನೀವು ಕಲ್ಲು ಹಿಡಿದೇ ಇರಬೇಕಾಗುತ್ತದೆ. ಆದ್ದರಿಂದ ರಾತ್ರಿ ಅರ್ಧ ಮನೆ ಏರಿಸಿ ಎರಡಕ್ಕೆ ತಂದು ಬಿಡಿ. ಬೆಳಿಗ್ಗೆ ಎದ್ದು ನೋಡಿ, ಸ್ವಲ್ಪ ಇಳಿದಿರುತ್ತದೆ. ಸರಿಮಾಡಿ, ಹದಿನೈದು ನಿಮಿಷ ಸಾಧಕ ಮಾಡಿ. ಹಾಸನ ತಲುಪಿದ ಮೇಲೆ ಮಧ್ಯಾಹ್ನ ಎರಡೂವರೆ ಮನೆಗಿಂತ ಒಂದು ಕೂದಲು ಮೇಲೆಯೇ ಇಡಿ. ಸಂಜೆ ವೀಣೆಯ ಪಕ್ಕ ಕೂತಾಗ ಸಣ್ಣಪುಟ್ಟ ಪೆಟ್ಟಷ್ಟೇ ಬಾಕಿ ಇರುತ್ತದೆ. ರಾತ್ರಿ ಹತ್ತು ಗಂಟೆ ಮೇಲೆ ಲಾಡ್ಜಿನಲ್ಲಿ ಕಲ್ಲು ಬಡಿದರೆ ಪಕ್ಕದ ರೂಮಿನವರಿಗೆ ತೊಂದರೆ, ಕಛೇರಿ ಮುಗಿದ ಮೇಲೆ ಸಭೆಯ ಜಾಗದಲ್ಲೇ ಈ ಕೆಲಸ ಮುಗಿಸಿಕೊಂಡು ಬನ್ನಿ.

ಮೈಸೂರಿಂದ ಕೃಷ್ಣರಾಜನಗರ, ಹೊಳೆನರಸೀಪುರದ ಮೇಲೆ ಹಾಸನಕ್ಕೆ ಬಸ್ಸಿದೆ, ರೈಲೂ ಇದೆ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಊಟದ ಹೊತ್ತಿಗೆ ಅಲ್ಲಿರುತ್ತೀರಿ. ಸ್ವಂತ ಕಾರಿದ್ದು ಹೊತ್ತೂ ಇದ್ದರೆ ಅರಕಲಗೂಡು ತಾಲೂಕಿನ ರುದ್ರಪಟ್ಟಣಕ್ಕೆ ಹೋಗಿ ಬನ್ನಿ. ಕಾವೇರಿ ದಡದ ಊರು. ಎಷ್ಟೋ ಸಂಗೀತಗಾರರ ಮನೆತನಗಳ ಮೂಲ ಅದು. ತಂಬೂರಿಯ ಆಕಾರದಲ್ಲಿ ಕಟ್ಟಿರುವ ಸಪ್ತಸ್ವರ ದೇವತೆಗಳ ಮಂದಿರ ಅಲ್ಲಿದೆ. ಸಂಗೀತದವರಾಗಿ ಹುಟ್ಟಿದ್ದಕ್ಕೆ ಒಮ್ಮೆ ನೋಡಲೇಬೇಕಾದ ಜಾಗ ಅಂತ ನನ್ನ ಅಭಿಪ್ರಾಯ. ಹೊತ್ತಿಲ್ಲದಿದ್ದರೆ ಒತ್ತಾಯವಿಲ್ಲ, ಮಧ್ಯಾಹ್ನದ ನಿದ್ದೆ ಅದಕ್ಕಿಂತ ಮುಖ್ಯ.

ವೀಣೆಗೆ ನುಡಿಸುವುದು ಬೇರೆಯದೇ ವಿದ್ಯೆ. ಮೀಟಿದ ತಂತಿಯ ನಾದ ಹುಟ್ಟಿದ ಕೂಡಲೇ ಕ್ಷೀಣಿಸಲು ಶುರುವಾಗುತ್ತದೆ. ಆ ಬಾಲ ಕೇಳಬೇಕಾದರೆ ನಾವು ಜಾಗ ಬಿಡಬೇಕು. ಎರಡು ದಿನ ಹಾಡುಗಾರಿಕೆಗೆ ನುಡಿಸಿದ ಕೈ ತಾನಾಗಿ ಜೋರಾಗಿರುತ್ತದೆ. ಇದನ್ನು ಗಮನದಲ್ಲಿಟ್ಟುಕೊಂಡು ಮೊದಲ ವರ್ಣದಿಂದಲೇ ಕಮ್ಮಿ ಮಾಡಿ. ವೀಣೆಯವರಿಗೆ ಮುಂಚೆಯೇ ಕೇಳಿ: "ಅಮ್ಮ, ತಾನಕ್ಕೆ ನಾನು ನುಡಿಸಲಾ, ಬಿಡಲಾ?" ಕೆಲವರು ತಾನಕ್ಕೆ ಮೃದಂಗ ಇಷ್ಟಪಡುತ್ತಾರೆ, ಕೆಲವರಿಗೆ ಬೇಡ. ಕೇಳಿದರೆ ಇಬ್ಬರಿಗೂ ನೆಮ್ಮದಿ.

ಮೂರನೇ ದಿನ ಕಾಲು ಜೋಮು ಹಿಡಿಯುವುದು, ಸೊಂಟ ಹಿಡಿಯುವುದು ಮಾಮೂಲು. ವೇದಿಕೆಯ ಮೇಲೆ ಬರೀ ಜಮಖಾನ ಹಾಸಿದ್ದರೆ ಒಂದು ಬೆಡ್‌ಶೀಟನ್ನು ಮಡಚಿ ಕೆಳಗೆ ಹಾಕಿಕೊಳ್ಳಿ. ಕಛೇರಿಗೆ ಮುಂಚೆ ಹತ್ತು ನಿಮಿಷ ನಡೆದಾಡಿ. ಕೈಗೆ ಒಮ್ಮೆಲೇ ವೇಗ ಬೇಡ, ತೊಡೆಯ ಮೇಲೆ ವಿಳಂಬದಲ್ಲಿ "ತ ದಿ ತೊಂ ನಂ" ಅಂತ ಶುರು ಮಾಡಿ ಎರಡನೇ ಕಾಲಕ್ಕೆ ಬನ್ನಿ. ಕಿವಿಗೂ ದಣಿವಿರುತ್ತದೆ, ಬಸ್ಸಿನಲ್ಲಿ ಹೆಡ್‌ಫೋನು ಹಾಕದೆ ಬಂದಿದ್ದರೆ ಅದರ ಲಾಭ ಈಗ ಗೊತ್ತಾಗುತ್ತದೆ.

ಕಛೇರಿ ಮುಗಿಯುವಾಗ ಎಂಟೂವರೆ, ಒಂಬತ್ತು. ಚನ್ನರಾಯಪಟ್ಟಣ, ಕುಣಿಗಲ್ ದಾರಿಯಲ್ಲಿ ಬೆಂಗಳೂರಿಗೆ ಮೂರೂವರೆ ನಾಲ್ಕು ಗಂಟೆ. ಮೂರು ದಿನ ನುಡಿಸಿದ ಮೇಲೆ ನೀವೇ ಕಾರು ಓಡಿಸಬೇಡಿ. ಡ್ರೈವರು ಮಾಡಿಕೊಳ್ಳಿ, ಇಲ್ಲವೇ ಬಸ್ಸು ಹಿಡಿಯಿರಿ. ಸಭೆಯವರು ಉಳಿಯಲು ಜಾಗ ಕೊಟ್ಟರೆ ಅಲ್ಲೇ ಮಲಗಿ, ಬೆಳಗಿನ ಜಾವ ಹೊರಡಿ. ಈ ವಿಷಯದಲ್ಲಿ ಮಾತ್ರ ನಾನು ಯಾರ ಹತ್ತಿರವೂ ರಾಜಿಯಾಗುವುದಿಲ್ಲ.

ಸೋಮವಾರ

ಸಂಜೆ ಕೆಲಸದಿಂದ ಬಂದ ಮೇಲೆ ಎರಡೂ ಮೃದಂಗವನ್ನು ಚೀಲದಿಂದ ತೆಗೆದು ಒಣಗಿದ, ಗಾಳಿಯಾಡುವ ಕಡೆ ಇಡಿ. ಏರಿಸಿದ್ದ ತಗ್ಗು ಮೃದಂಗವನ್ನು ಅದರ ಮಾಮೂಲು ಶ್ರುತಿಗೆ ಇಳಿಸಿ. ಪ್ರಯಾಣದ ಖರ್ಚು, ಬಂದ ಸಂಭಾವನೆ ಎರಡನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ. ಮೂರೂ ಕಡೆಯವರಿಗೆ ಒಂದೊಂದು ಸಾಲಿನ ಮೆಸೇಜು ಹಾಕಿ, ಸೌಂಡಿನವರ ನಂಬರಿದ್ದರೆ ಅವರಿಗೂ.

ಆಮೇಲೆ ರೆಕಾರ್ಡಿಂಗ್ ಕೇಳಿ. ಪೂರ್ತಿ ಕೇಳಲು ಆಗದಿದ್ದರೆ ಮೂರೂ ಕಛೇರಿಯ ಒಂದೊಂದು ವಿಳಂಬ ಕೃತಿ ಕೇಳಿ. ತನಿ ಬೇಡ, ಅದರಲ್ಲಿ ನಮಗೆ ನಮ್ಮ ತಪ್ಪು ಕಾಣುವುದು ಕಷ್ಟ. ಭಾನುವಾರದ ಮೀಟು ಶುಕ್ರವಾರದ ಮೀಟಿನಷ್ಟು ಸ್ವಚ್ಛವಾಗಿದೆಯೇ, ಕಾಲಪ್ರಮಾಣ ಓಡಿದೆಯೇ, ಇಷ್ಟನ್ನು ಕೇಳಿಸಿಕೊಂಡು ಬರೆದಿಡಿ.

ವಾದ್ಯದಲ್ಲೇನಾದರೂ ಕೊರತೆ ಕಂಡಿದ್ದರೆ ರಿಪೇರಿಯವರಿಗೆ "ಸ್ವಲ್ಪ ಸರಿ ಇಲ್ಲ, ನೋಡಿ" ಅಂತ ಕೊಡಬೇಡಿ. ಯಾವ ಶ್ರುತಿಯಲ್ಲಿ, ಯಾವ ಕಡೆ, ಎಷ್ಟು ಹೊತ್ತಿನ ಮೇಲೆ ಇಳಿಯಿತು, ಚಾಪುವಿನಲ್ಲಿ ಕರಕರ ಬಂತೋ ಮೀಟಿನಲ್ಲಿ ಬಂತೋ, ಇಷ್ಟನ್ನೂ ಹೇಳಿ. ಮುಂದಿನ ವಾರ ಯಾವ ಶ್ರುತಿಗೆ ಬೇಕು ಅನ್ನುವುದನ್ನೂ ಆಗಲೇ ಹೇಳಿಬಿಟ್ಟರೆ ಅವರು ಅದಕ್ಕೆ ತಕ್ಕಂತೆ ಎಳೆದು ಕೊಡುತ್ತಾರೆ.